ಬೈಸಿಕೊಂಡವನ ಆಶೀರ್ವಾದ

"ಏಳಯ್ಯಾ ಮೇಲೆ! ಅದು ನಮ್ಮಪ್ಪನ ಜಾಗ. ಮೊನ್ನೆ ಮೊನ್ನೆ ಡಿಮೋನಾದಿಂದ ಬಂದವನಿಗೆ ಕೂರೋಕೆ ಬೇರೆ ಬೆಂಚು ಸಿಗಲಿಲ್ವಾ?"

ನಮ್ಮೂರ ಯೆಹೂದಿ ಮಂದಿರದಲ್ಲಿ ಶನಿವಾರದ ಸಬ್ಬತ್ ಬೆಳಗಿನ ಪ್ರಾರ್ಥನೆ ಅರ್ಧಕ್ಕೆ ಬಂದಿತ್ತು. ಧರ್ಮಗ್ರಂಥ ತೋರಾದ ಸುರುಳಿಯನ್ನು ಆಗಷ್ಟೇ ಮೇಜಿನ ಮೇಲೆ ಬಿಚ್ಚಿದ್ದರು. ಕೋಳಿಗಳಿಗೆ ನೀರು ಬರುತ್ತಿದೆಯೇ ಎಂದು ನೋಡಿಕೊಂಡು ನಾನು ತಡವಾಗಿ ಬಂದಿದ್ದೆ. ಬಂದವನ ಕಣ್ಣಿಗೆ ಮೊದಲು ಬಿದ್ದವನೇ ಹನೀನಾ. ಹೆಂಡತಿ ತೀರಿಕೊಂಡ ಮೇಲೆ ತಂಗಿಯ ಮನೆ ಸೇರಿ, ನಮ್ಮೂರಲ್ಲಿ ನೀರಿನ ಪಂಪು ರಿಪೇರಿ ಮಾಡಿಕೊಂಡಿದ್ದ ಮುದುಕ. ಕಿಟಕಿಯ ಪಕ್ಕದಲ್ಲಿ, ನಮ್ಮಪ್ಪ ಮೂವತ್ತು ವರ್ಷ ಕೂತು ಪ್ರಾರ್ಥಿಸಿದ ಜಾಗದಲ್ಲಿ, ಆರಾಮಾಗಿ ಕಾಲು ಚಾಚಿಕೊಂಡಿದ್ದ.

"ಕಿವಿ ಕೇಳಲ್ವಾ? ಇಲ್ಲಾ ನಿಮ್ಮೂರಲ್ಲಿ ಕಂಡವರ ಜಾಗದಲ್ಲಿ ಕೂರೋದೇ ಪದ್ಧತಿಯಾ?"

ತೋರಾ ಓದುತ್ತಿದ್ದವನು ನಿಲ್ಲಿಸಿದ. ಮೇಲೆ ಹೆಂಗಸರ ಮಹಡಿಯಲ್ಲಿ ಪಿಸುಮಾತು ನಿಂತಿತು. ಹನೀನಾನ ಮುಖ ಸುಣ್ಣ ಬಳಿದ ಗೋಡೆಯಂತಾಯಿತು. ಪುಸ್ತಕ ಮುಚ್ಚಿ ಮುತ್ತಿಟ್ಟ, ಎದ್ದ, ಹಿಂದೆ ಕೈತೊಳೆಯುವ ನಲ್ಲಿಯ ಹತ್ತಿರ ಹೋಗಿ ನಿಂತ. ನಾನು ಕೂತೆ. ಬೆಂಚು ಇನ್ನೂ ಬೆಚ್ಚಗಿತ್ತು.

ಪ್ರಾರ್ಥನೆ ಮುಗಿದದ್ದೇ ತಡ, ಊರೆಲ್ಲ ನಲ್ಲಿಯ ಕಡೆ ನುಗ್ಗಿತು. ಜನರ ಮುಂದೆ ಅವಮಾನಪಟ್ಟು, ತಿರುಗಿ ಬೈಯದೆ ನುಂಗಿಕೊಂಡವನಿಗೆ ಸ್ವರ್ಗದ ಬಾಗಿಲು ಆ ಹೊತ್ತಿಗೆ ತೆರೆದಿರುತ್ತದೆ, ಅವನು ಹರಸಿದ್ದು ಸುಳ್ಳಾಗುವುದಿಲ್ಲ ಎಂಬುದು ನಮ್ಮವರ ನಂಬಿಕೆ. "ಹನೀನಾ ಮಾಮ, ನನ್ನ ಮಗಳಿಗೆ ಒಳ್ಳೆ ಗಂಡು ಸಿಗ್ಲಿ ಅನ್ನು!" "ನನ್ನ ಸೊಂಟಕ್ಕೂ ಒಂದು ಮಾತು ಹೇಳು ಮಾಮ!" ಪಕ್ಕದ ಮನೆಯ ಯಾಯಿಷ್ ತನ್ನ ಟ್ರಾಕ್ಟರಿಗೂ ಕೇಳಿಕೊಂಡ. ಮುದುಕ ಕಕ್ಕಾಬಿಕ್ಕಿಯಾಗಿ ಎಲ್ಲದಕ್ಕೂ ಆಮೆನ್ ಆಮೆನ್ ಅಂದ.

ಮನೆಗೆ ಬಂದರೆ ಫ್ರೆಹಾ ಬಾಗಿಲಲ್ಲೇ ಹಿಡಿದಳು.

"ಬಂದ್ಯಾ ಮಹಾರಾಜ? ನೀನು ಬೈದು ಬೈದು ಊರಿಗೆಲ್ಲ ಆಶೀರ್ವಾದ ಹಂಚಿಸ್ದೆ. ನಮ್ಮ ಸುಲೀಕಾಗೆ ಏನು ಸಿಕ್ತು? ನಿನ್ನ ಹೆಂಡ್ತಿ ಅನ್ನೋ ಮುಖ ಹೊತ್ಕೊಂಡು ನಾನು ಹ್ಯಾಗೆ ಹೋಗಿ ಕೇಳ್ಲಿ?"

ಸುಲೀಕಾ ನಮ್ಮ ಒಬ್ಬಳೇ ಮಗಳು. ಮದುವೆಯಾಗಿ ಎಂಟು ವರ್ಷ. ಮೂರು ಸಲ ಬಸಿರು ನಿಂತು ಮೂರು ಸಲವೂ ಹೋಗಿತ್ತು. ಅದು ಅವಳಿಗೆ, ಅವಳ ಗಂಡನಿಗೆ, ನಮ್ಮಿಬ್ಬರಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಊರವರ ಪಾಲಿಗೆ ಅವಳು ಮಕ್ಕಳು ಬೇಡ ಎನ್ನುವ ಓದಿದ ಹುಡುಗಿ. ಯಾರು ಏನಂದರೂ ನಕ್ಕು ಸುಮ್ಮನಿರುತ್ತಿದ್ದಳು. ಅವಳಿಗೊಂದು ಕೂಸಾಗಲಿ ಅಂತ ನಾನು ಏನು ಬೇಕಾದರೂ ಮಾಡುತ್ತಿದ್ದೆ, ಹನೀನಾನ ಮುಂದೆ ತಲೆ ತಗ್ಗಿಸುವುದೊಂದನ್ನು ಬಿಟ್ಟು.

ಹಾಗಾಗಿ ಒಂದು ಅಡ್ಡದಾರಿ ಹುಡುಕಿದೆ. ಆಶೀರ್ವಾದ ಬೈಸಿಕೊಂಡವನ ಹತ್ತಿರ ಇರುತ್ತದೆ ತಾನೆ? ನಾನೇ ಬೈಸಿಕೊಂಡರಾಯಿತು. ನನ್ನ ಮಗಳನ್ನು ನಾನೇ ಹರಸಿಕೊಳ್ಳುತ್ತೇನೆ.

ಯಾಯಿಷ್‌ಗೆ ಹೇಳಿದೆ. "ಸೋಮವಾರ ಮೊಟ್ಟೆ ಕೇಂದ್ರದಲ್ಲಿ, ಹತ್ತು ಜನ ಸೇರಿದಾಗ, ನನ್ನನ್ನ ಚೆನ್ನಾಗಿ ಬೈ."

"ನಿಜವಾಗ್ಲೂನಾ?" ಅಂದ. ಅವನ ಕಣ್ಣು ಹೊಳೆದ ರೀತಿ ನನಗೆ ಅಷ್ಟು ಹಿಡಿಸಲಿಲ್ಲ.

ಸೋಮವಾರ ಮೊಟ್ಟೆಯ ತಟ್ಟೆಗಳನ್ನು ಹೊತ್ತು ಸಾಲಿನಲ್ಲಿ ನಿಂತೆ. ಯಾಯಿಷ್ ಗಂಟಲು ಸರಿಮಾಡಿಕೊಂಡ.

"ನೋಡ್ರಪ್ಪಾ, ಮಖ್ಲೂಫ್ ಬಂದ. ಅವನ ಕೋಳಿಗಳೂ ಅವನ ಥರಾನೇ. ಮೊಟ್ಟೆ ಇಷ್ಟೇ ಇಷ್ಟು, ಕೂಗಾಟ ಊರಿಗೆಲ್ಲ."

ಜನ ನಕ್ಕರು. ನಾನು ತುಟಿ ಕಚ್ಚಿಕೊಂಡೆ. ಸ್ವರ್ಗದ ಬಾಗಿಲು ಒಂದು ಬೆರಳಷ್ಟು ಸರಿದ ಹಾಗೆನಿಸಿತು.

"ಮಗಳ ಮದುವೇಲಿ ಎರಡು ಕುರಿ ಕಡಿದು ನಾಲ್ಕು ಕುರಿ ಅಂದ. ಒಂದೊಂದು ಕುರಿಗೂ ಎಂಟೆಂಟು ಕಾಲಿತ್ತು ಅಂತ ಕಾಣ್ತದೆ!"

ಉಸಿರು ಬಿಗಿಹಿಡಿದೆ. ಸುಲೀಕಾ, ನಿನಗೋಸ್ಕರ.

"ಇನ್ನು ಅವರಪ್ಪನ ಜಾಗ! ಆ ಮನುಷ್ಯ ಅಲ್ಲಿ ಯಾವತ್ತು ಪ್ರಾರ್ಥನೆ ಮಾಡಿದ? ತೋರಾ ತೆಗೆದ್ರೆ ಗೊರಕೆ, ತೋರಾ ಮುಚ್ಚಿದ್ರೆ ಎಚ್ಚರ!"

ಆಮೇಲೆ ನಡೆದದ್ದನ್ನು ಬೇರೆಯವರು ಹೇಳಿದರು. ಮೂವತ್ತು ಮೊಟ್ಟೆಯ ತಟ್ಟೆ ಯಾಯಿಷ್‌ನ ತಲೆಯ ಮೇಲೆ ಕೂತಿತ್ತಂತೆ. ನಾನು ಅವನ ಏಳು ತಲೆಮಾರನ್ನು ಒಂದನ್ನೂ ಬಿಡದೆ ಕರೆದಿದ್ದೆನಂತೆ.

ಫ್ರೆಹಾ ನಕ್ಕು ನಕ್ಕು ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಅವಮಾನ ಏನು ಅಂಗಡೀಲಿ ಸಿಗೋ ಸಾಮಾನಾ, ಹೇಳಿ ಕಟ್ಟಿಸ್ಕೊಂಡು ಬರೋಕೆ? ಹೋಗು, ಆ ಮುದುಕನ ಕಾಲು ಹಿಡಿ."

ಬುಧವಾರ ಹೋದೆ. ಹನೀನಾ ಕಿತ್ತಳೆ ತೋಟದಲ್ಲಿ ಪಂಪು ಬಿಚ್ಚಿಕೊಂಡು ಕೂತಿದ್ದ.

"ಹನೀನಾ ಮಾಮ, ತಪ್ಪಾಯ್ತು."

ತಲೆಯೆತ್ತಲಿಲ್ಲ. "ಯಾರಿಗೆ ಹೇಳ್ತಿದ್ದೀಯಾ, ನನಗಾ ಪಂಪಿಗಾ? ಬೈದಿದ್ದು ಊರ ಮುಂದೆ ಕಣಪ್ಪಾ. ತಪ್ಪಾಯ್ತು ಅನ್ನೋದನ್ನೂ ಊರ ಮುಂದೆ ಅನ್ನು."

"ನಿನ್ನ ತಾಳ್ಮೆ ದೊಡ್ಡದು ಮಾಮ."

"ಎಂಥಾ ತಾಳ್ಮೆ! ಬಾಯಿ ಬಿಟ್ಟಿದ್ರೆ ಅಳು ಬಂದುಬಿಡ್ತಿತ್ತು. ಅದಕ್ಕೇ ಸುಮ್ನಿದ್ದೆ. ಆ ಸ್ಪ್ಯಾನರ್ ಕೊಡು."

ಕೊಟ್ಟೆ. ಆ ಮುದುಕನ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಆಗ.

ಶುಕ್ರವಾರ ರಾತ್ರಿಯ ಊಟಕ್ಕೆ ಸುಲೀಕಾ ಗಂಡನ ಜೊತೆ ಬಂದಳು. ಫ್ರೆಹಾ ಎಲ್ಲ ಹೇಳಿಬಿಟ್ಟಳು. ಮೊಟ್ಟೆಯ ಕತೆಗೆ ಸುಲೀಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ನನ್ನ ಕೈ ಮೇಲೆ ಕೈ ಇಟ್ಟಳು.

"ಕ್ಷಮೆ ಕೇಳಪ್ಪಾ, ಖಂಡಿತ ಕೇಳು. ನನ್ನ ವಿಷಯ ಮಾತ್ರ ಅಲ್ಲಿ ತೆಗೀಬೇಡ. ಒಂದು ಅಕ್ಷರಾನೂ ಬೇಡ."

"ನಾನೇನು ಹುಚ್ಚನಾ?" ಅಂದೆ.

ಸಬ್ಬತ್ ಬೆಳಗ್ಗೆ ಓದು ಮುಗಿದ ಮೇಲೆ ಮೇಜು ತಟ್ಟಿ ಎದ್ದು ನಿಂತೆ. "ಹನೀನಾ ಮಾಮ, ಹೋದ ವಾರ ಇಲ್ಲಿ ಒಂದು ಕತ್ತೆ ಅರಚಿತು. ಆ ಕತ್ತೆ ನಾನೇ. ಎಲ್ಲರ ಮುಂದೆ ಕೇಳ್ತಿದ್ದೀನಿ, ಕ್ಷಮಿಸಿಬಿಡು. ಬಾ, ಕಿಟಕಿ ಪಕ್ಕ ಕೂತ್ಕೋ."

"ಕ್ಷಮಿಸಿದೆ, ಕ್ಷಮಿಸಿದೆ, ಕ್ಷಮಿಸಿದೆ," ಅಂದ ಮುದುಕ, ಪದ್ಧತಿಯಂತೆ ಮೂರು ಸಲ. ಜನ ಭುಜ ತಟ್ಟಿದರು. ಮೇಲಿಂದ ಹೆಂಗಸರು ಖುಷಿಯಿಂದ ಕೇಕೆ ಹಾಕಿದರು. ತಲೆ ತಗ್ಗಿಸುವುದು ಇಷ್ಟು ಸುಲಭ, ಇಷ್ಟು ಸಿಹಿ ಅಂತ ನನಗೆ ಯಾರೂ ಹೇಳಿರಲಿಲ್ಲ. ಕಣ್ಣು ತುಂಬಿತು. ಬಾಯಿ ತಾನಾಗಿ ಮುಂದೆ ಓಡಿತು.

"ಇನ್ನೊಂದೇ ಒಂದು ಮಾಮ! ನಮ್ಮ ಸುಲೀಕಾನ ಹರಸು. ಎಂಟು ವರ್ಷ ಆಯ್ತು. ಊರವರೆಲ್ಲ ಅವಳಿಗೆ ಮಕ್ಕಳು ಬೇಡ ಅಂತ ತಿಳ್ಕೊಂಡಿದ್ದೀರಿ. ಮೂರು ಸಲ ನಿಂತಿತ್ತು ಕಣ್ರಪ್ಪಾ, ಮೂರು ಸಲವೂ ಹೋಯ್ತು. ಒಂದಂತೂ ಐದನೇ ತಿಂಗಳಲ್ಲಿ..."

ಕೇಕೆ ನಿಂತಿತು. ಎಲ್ಲರ ಕತ್ತು ಒಟ್ಟಿಗೆ ಮೇಲೆ ತಿರುಗಿತು. ಮಹಡಿಯ ಜಾಲರಿಯ ಹಿಂದೆ ಸುಲೀಕಾ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

ಹನೀನಾ ಮೆಲ್ಲಗೆ ಹೇಳಿದ. "ಆಶೀರ್ವಾದ ಈಗ ನನ್ನ ಹತ್ರ ಇಲ್ಲ ಮಖ್ಲೂಫ್. ಅಲ್ಲಿ ಮೇಲಿದೆ."

ಹೆಂಗಸರಿಗೆ ಅಷ್ಟು ಸಾಕಾಯಿತು. "ಸುಲೀಕಾ, ನನ್ನ ಸೊಸೆಗೊಂದು ಮಾತು ಹೇಳೇ!" "ನಮ್ಮಮ್ಮ ಆಸ್ಪತ್ರೇಲಿದ್ದಾಳೆ, ಸುಲೀಕಾ, ವಾಸಿಯಾಗ್ಲಿ ಅನ್ನು!" ಅವಳು ಮೆಟ್ಟಿಲಿಳಿದು ಬಂದಳು, ಅವರು ತೋಳು ಹಿಡಿದು ಎಳೆಯುತ್ತ ಹಿಂದೆಯೇ ಬಂದರು. ಫ್ರೆಹಾ ಎಲ್ಲರಿಗಿಂತ ಹಿಂದೆ, ಗೋಡೆ ಹಿಡಿದುಕೊಂಡು.

ಸುಲೀಕಾ ನನ್ನ ಮುಂದೆ ನಿಂತಳು. ಸಿಟ್ಟಿನಲ್ಲಿ ಅವಳು ನನ್ನ ಮಗಳೇ. ಆರು ವರ್ಷದವಳಿದ್ದಾಗ ಮೇಷ್ಟರ ಕೈ ಕಚ್ಚಿ ಮನೆಗೆ ಬಂದವಳು. ಬೈಯುತ್ತಾಳೆ ಅಂತ ಕಾದೆ. ಬೈಯಲಿ ಅಂತ ದೇವರನ್ನು ಬೇಡಿದೆ.

"ಬೈಯೇ," ಅಂದೆ. "ಏನಾದ್ರೂ ಅಂದುಬಿಡೇ, ನನ್ನವ್ವಾ."

ಅವಳ ತುಟಿ ಅಲುಗಿತು. ಒಂದು ಸಲ ಉಗುಳು ನುಂಗಿದಳು. ಆಮೇಲೆ ತೋಳು ಹಿಡಿದಿದ್ದವಳ ಕಡೆ ತಿರುಗಿ, "ನಿಮ್ಮಮ್ಮ ವಾಸಿಯಾಗ್ಲಿ ಯಮ್ನಾ," ಅಂದಳು. ಮೃದುವಾಗಿ ಅವಳ ಬೆರಳು ಬಿಡಿಸಿಕೊಂಡಳು. ಗಂಡ ಪ್ರಾರ್ಥನೆಯ ಶಾಲು ಮಡಿಸದೆಯೇ ಕಂಕುಳಲ್ಲಿ ಇಟ್ಟುಕೊಂಡು ಎದ್ದ.

ಇಬ್ಬರೂ ಬಾಗಿಲು ದಾಟಿ ಬಿಸಿಲಿಗೆ ಇಳಿದರು. ಮಧ್ಯಾಹ್ನ ಊಟದ ಮೇಜಿನ ಮುಂದೆ ನಾಲ್ಕು ಗಂಟೆಯವರೆಗೆ ಕಾದೆವು. ಅವಳು ಬರಲಿಲ್ಲ. ಆಮೇಲೂ ಬಂದಿಲ್ಲ.