ತೊಂಬತ್ತು ಹೊಡೆದು ನೂರ ಇಪ್ಪತ್ತಾರು

ವಡೋದರದ ಮಂಜಲ್‌ಪುರದ ಒಂದು ಶಾಲೆಯ ಕೆಮಿಸ್ಟ್ರಿ ಲ್ಯಾಬಿನಲ್ಲಿ ನಾನು ಹತ್ತೊಂಬತ್ತು ವರ್ಷ ಅಟೆಂಡರ್ ಆಗಿದ್ದೆ. ಓದಿದ್ದು ನಾಲ್ಕನೇ ಇಯತ್ತೆ. ಹೆಸರು ದೊಡ್ಡಣ್ಣ, ಅಲ್ಲಿನ ಮಕ್ಕಳ ಬಾಯಲ್ಲಿ ‘ದೋಡ್‌ಭಾಯ್’. ಗುಜರಾತಿಯಲ್ಲಿ ದೋಡ್ ಅಂದರೆ ಓಡು. ನಾನು ಟ್ರೇ ಹಿಡಿದು ನಿಧಾನವಾಗಿ ಬರುವುದನ್ನು ಕಂಡು, “ಧೀಮೇ, ನಿಧಾನ, ದೋಡ್‌ಭಾಯ್, ಬೀಳ್ತೀರಿ!” ಎಂದು ನಗುತ್ತಿದ್ದರು.

ಇಂಗ್ಲಿಷ್ ಬಾರದ ನಾನು ಬಾಟಲಿಗಳನ್ನು ಗುರುತಿಸುತ್ತಿದ್ದದ್ದು ಅಂಕಿಯಿಂದ. ಲೇಬಲ್ಲಿನಲ್ಲಿ ಮೋಲಾರ್ ಮಾಸ್ ಅಂತ ಒಂದು ಸಂಖ್ಯೆ ಇರುತ್ತದೆ. ಆಕ್ಸಾಲಿಕ್ ಆಸಿಡ್ ಅಂದರೆ ನೂರ ಇಪ್ಪತ್ತಾರು. ಹನ್ನೆರಡು ಪಾಯಿಂಟ್ ಆರು ಗ್ರಾಂ ತೂಗಿ ನೀರು ಬೆರೆಸಿ ಒಂದು ಲೀಟರ್ ಮಾಡಿದರೆ ಮುಗಿಯಿತು. ಆ ಸಂಖ್ಯೆ ಎಲ್ಲಿಂದ ಬರುತ್ತದೆಂದು ಯಾರನ್ನೂ ಕೇಳಿರಲಿಲ್ಲ.

ತೊಂಬತ್ತನಾಲ್ಕರ ಜನವರಿಯಲ್ಲಿ ಹೊಸ ಬಾಟಲಿ ಬಂತು. ಆಕ್ಸಾಲಿಕ್ ಆಸಿಡ್ ಅಂತ ಹೇಳಿಯೇ ಕೊಟ್ಟರು, ಆದರೆ ಲೇಬಲ್ಲಿನಲ್ಲಿ ತೊಂಬತ್ತು. ಪ್ರೆಸ್ಸಿನವರು ಎಡವಿದ್ದಾರೆ ಅಂದುಕೊಂಡು ಪೆನ್ನಿನಿಂದ ಅದನ್ನು ಹೊಡೆದು ನೂರ ಇಪ್ಪತ್ತಾರು ಬರೆದೆ. ಹಾಗೇ ತೂಗಿದೆ.

ಮರುದಿನ ಹನ್ನೆರಡನೇ ತರಗತಿಯ ಪ್ರಾಕ್ಟಿಕಲ್ ಪರೀಕ್ಷೆ. ಫ್ಲಾಸ್ಕಿನಲ್ಲಿರುವ, ನಾನು ಮಾಡಿಟ್ಟ ಆಸಿಡ್ ಗುಲಾಬಿ ಬಣ್ಣಕ್ಕೆ ತಿರುಗುವಷ್ಟು ಕಾಸ್ಟಿಕ್ ಸೋಡಾ ದ್ರಾವಣವನ್ನು ಬ್ಯೂರೆಟ್ ಎಂಬ ಅಳತೆಗೆರೆಯ ಗಾಜಿನ ಕೊಳವೆಯಿಂದ ಬಿಡಬೇಕು. ಹತ್ತು ಎಂಎಲ್ ಬರುತ್ತದೆಂದು ಹಳೆಯ ಮಕ್ಕಳಿಂದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಹತ್ತು ಬರೆದರು. ಕೊಯಾಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಮ್ಮ ಕನ್ನಡದ ಹುಡುಗಿ ಮಹಿಮಾ ಒಬ್ಬಳೇ ಹದಿನಾಲ್ಕು ಬರೆದಳು.

“ನಲವತ್ತು ಜನಕ್ಕೆ ಹತ್ತು, ನಿನಗೆ ಮಾತ್ರ ಹದಿನಾಲ್ಕಾ?” ಎಂದರು ಕೆಮಿಸ್ಟ್ರಿ ಟೀಚರ್ ವೈದೇಹಿ ಮೇಡಂ, ಎಲ್ಲರ ಎದುರಿಗೆ. “ಬ್ಯೂರೆಟ್ ಓದೋಕೂ ಬರಲ್ವೇನಮ್ಮಾ?” ಇಪ್ಪತ್ತಕ್ಕೆ ಆರು ಕೊಟ್ಟರು.

ಸಂಜೆ ಅವಳು ಗಾಜು ತೊಳೆಯುತ್ತಿದ್ದ ನನ್ನ ಬಳಿ ಬಂದಳು. ಕಣ್ಣು ಊದಿತ್ತು.

“ಅಂಕಲ್, ನಿಮ್ದು ಸಲ್ಯೂಶನ್ ಯಾವಾಗ್ಲೂ ಬರೋಬರ್ ಇರುತ್ತೆ. ನನ್ ಕೈನೇ ಖರಾಬ್. ಮೂರು ಸಾರಿ ಮಾಡ್ದೆ, ಮೂರೂ ಸಾರಿ ಹದಿನಾಲ್ಕು.”

ಸಮಾಧಾನ ಮಾಡಲು ಬೇರೇನೂ ತೋಚದೆ ಕೇಳಿದೆ, “ಈ ನೂರ ಇಪ್ಪತ್ತಾರು ಹೆಂಗ್ ಬರ್ತದವ್ವಾ?”

“ಈಸಿ ಅಂಕಲ್. ಹೈಡ್ರೋಜನ್ ಎರಡು, ಅದಕ್ಕೆ ಎರಡು. ಕಾರ್ಬನ್ ಎರಡು, ಹನ್ನೆರಡರ ಹಾಗೆ ಇಪ್ಪತ್ನಾಲ್ಕು. ಆಕ್ಸಿಜನ್ ನಾಲ್ಕು, ಹದಿನಾರರ ಹಾಗೆ ಅರವತ್ನಾಲ್ಕು. ಟೋಟಲ್ ತೊಂಬತ್ತು. ಹರಳಲ್ಲಿ ಎರಡು ನೀರು ಇರುತ್ತಲ್ಲ, ಅದು ಮೂವತ್ತಾರು. ನೂರ ಇಪ್ಪತ್ತಾರು.”

“ನೀರು ಇಲ್ಲದಿದ್ರೆ?”

“ಬರೀ ತೊಂಬತ್ತು.”

ತೊಳೆಯುತ್ತಿದ್ದ ಬೀಕರ್ ಕೆಳಗಿಟ್ಟು ಕಪಾಟಿನ ಹೊಸ ಬಾಟಲಿಯ ಕಡೆ ನೋಡಿದೆ. ಪ್ರೆಸ್ಸಿನವರು ಎಡವಿರಲಿಲ್ಲ. ನೀರಿಲ್ಲದ ಆಸಿಡ್ ಹೆಚ್ಚು ತೂಗಿ ದ್ರಾವಣವನ್ನು ಗಟ್ಟಿ ಮಾಡಿದವನು ನಾನು. ಉಳಿದವರು ಗೊತ್ತಿದ್ದ ಹತ್ತನ್ನೇ ಬರೆದಿದ್ದರು; ಅದನ್ನು ಸರಿಯಾಗಿ ಅಳೆದವಳು ಇವಳೊಬ್ಬಳೇ.

ಹೇಳಲಿಲ್ಲ. ಅವಳು ಹೋದ ಮೇಲೆ ಲೇಬಲ್ಲನ್ನು ಗೋಡೆಯ ಕಡೆಗೆ ತಿರುಗಿಸಿಟ್ಟೆ. ಎರಡು ದಿನ ಅವಳು ತಲೆ ತಗ್ಗಿಸಿ ಬಂದು ಹೋಗುವುದನ್ನು ನೋಡಿದೆ. ಮೂರನೆಯ ದಿನ ಅಂಕಪಟ್ಟಿ ಆಫೀಸಿಗೆ ಹೋಗುತ್ತದೆಂದು ಕೇಳಿ, ಬಾಟಲಿ ಹಿಡಿದು ಮೇಡಂ ಎದುರು ನಿಂತೆ.

ಮೇಡಂ ಲೇಬಲ್ ನೋಡಿದರು. ನನ್ನ ಅಕ್ಷರ ಅವರಿಗೆ ಗೊತ್ತಿತ್ತು.

“ತಪ್ಪು ಯಾರಿಗಾದ್ರೂ ಆಗುತ್ತೆ ದೊಡ್ಡಣ್ಣ. ಎರಡು ದಿನ ಯಾಕೆ ಸುಮ್ಮನಿದ್ರಿ?”

ಮೇಡಂ ತರಗತಿಯಲ್ಲಿ ಮಹಿಮಾಳ ಕ್ಷಮೆ ಕೇಳಿ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟರು. ಉಳಿದವರೆಲ್ಲ ಮತ್ತೆ ಮಾಡಬೇಕಾಯಿತು.

ಮಹಿಮಾ ಓಡಿ ಬಂದು, “ಥ್ಯಾಂಕ್ಯೂ ಅಂಕಲ್, ನೀವು ಹೇಳ್ದೇ ಇದ್ದಿದ್ರೆ ನಾನು ಸೈನ್ಸೇ ಬಿಡ್ತಿದ್ದೆ” ಎಂದಳು.

ಅವಳ ಮುಖ ನೋಡಲಾಗದೆ ಒಣಗಿದ್ದ ಫ್ಲಾಸ್ಕುಗಳನ್ನೇ ಮತ್ತೆ ಒರೆಸುತ್ತ ನಿಂತೆ.