ಇಪ್ಪತ್ತೆರಡು ಬಿಲ್ಲೆಗಳ ಉಸಿರು

"ಊದೋ ಅಂದ್ರೆ ಊದ್ಬೇಕು. ಏನ್ ಹಂಗೆ ತುಟಿ ಇಟ್ಕೊಂಡು ನಿಂತಿದೀಯ? ಕೊಳವೆಗೆ ಮುತ್ತು ಕೊಡೋಕೆ ಬಂದ್ಯೇನೋ, ಬೋಳಿಮಗನೆ?"

ಗಿರಣಿಯ ಡಾಕ್ಟರರು ಜರಡಿ ಮನೆಯ ಕೆಲಸಗಾರನೊಬ್ಬನಿಗೆ ಆಡಿದ ಈ ಮಾತಿನಿಂದಲೇ ಕಥೆ ಆರಂಭವಾಗಬೇಕೆಂಬುದು ಅದನ್ನು ನನಗೆ ಮೊದಲು ಹೇಳಿದ, ಚೀಲದ ಬಾಯಿ ಹೊಲಿಯುವ ಅಜ್ಜಿಯ ಪಟ್ಟು. ಆಕೆ ಇದನ್ನು ಹೇಳಿದ್ದು ಕಲ್ಲುಪುಡಿ ಗಿರಣಿಗೆ ಮೂರನೆಯ ಬೀಸುಯಂತ್ರ ಬಂದ ವರ್ಷ, ಒಂದು ಭಾನುವಾರದ ಇಳಿಹೊತ್ತಿನಲ್ಲಿ, ಸಾಲುಮನೆಗಳ ನಡುವಿನ ನಲ್ಲಿಕಟ್ಟೆಯ ಮೇಲೆ ಕುಳಿತು. ಭಾನುವಾರ ಗಿರಣಿಗೆ ರಜೆ. ಉಳಿದ ದಿನಗಳಲ್ಲಿ ಆ ಸಾಲಿನಲ್ಲಿ ಯಾರೂ ಕಥೆ ಹೇಳುವುದಿಲ್ಲ. ಅಷ್ಟುದ್ದದ ಮಾತಿಗೆ ಬೇಕಾದ ಉಸಿರು ಯಾರಲ್ಲೂ ಇರುವುದಿಲ್ಲ. ಇದನ್ನೇ ಲಾರಿ ತುಂಬುವ ಕುಳ್ಳನೂ ಬೇರೊಂದು ಭಾನುವಾರ ಹೇಳಿದ್ದುಂಟು. ಅವನ ಹೇಳಿಕೆಯಲ್ಲಿ ಡಾಕ್ಟರರು ಆ ಕೆಲಸಗಾರನ ಕೆನ್ನೆಗೆ ಹೊಡೆಯುತ್ತಾರೆ. ಅಜ್ಜಿ ಅದನ್ನು ಒಪ್ಪುವುದಿಲ್ಲ. "ಹೊಡೀಲಿಲ್ಲ. ಮುಟ್ಟಿದ್ರೆ ಅವರ ಕೈ ಧೂಳಾಗುತ್ತಲ್ಲ."

ಗಿರಣಿಯಲ್ಲಿ ಬಿಳಿಕಲ್ಲನ್ನು ಭಟ್ಟಿಯಲ್ಲಿ ಒಣಗಿಸಿ, ಬೀಸಿ, ಜರಡಿ ಹಿಡಿದು, ಹಿಟ್ಟಿಗಿಂತ ನುಣ್ಣಗಾದ ಪುಡಿಯನ್ನು ಚೀಲಕ್ಕೆ ತುಂಬುತ್ತಾರೆ. ಅದು ಗೋಡೆಯ ಬಣ್ಣಕ್ಕೆ ಹೋಗುತ್ತದೆ, ನೆಲದ ಟೈಲ್ಸಿಗೆ ಹೋಗುತ್ತದೆ, ಹಲ್ಲುಜ್ಜುವ ಪೇಸ್ಟಿಗೂ ಹೋಗುತ್ತದೆ. ಚೀಲಕ್ಕೆ ಸಿಕ್ಕದೆ ಹಾರಿದ್ದು, ಭಟ್ಟಿಯ ಹೊಗೆಯೊಡನೆ ಸೇರಿ ಸಾಲುಮನೆಗಳಿಗೆ ಬರುತ್ತದೆ. ವರ್ಷಕ್ಕೊಮ್ಮೆ ಗೇಟಿನ ಬಳಿ ಪರೀಕ್ಷೆಯ ವ್ಯಾನು ನಿಲ್ಲುತ್ತದೆ. ಒಂದು ಪೆಟ್ಟಿಗೆ, ಅದಕ್ಕೊಂದು ಕೊಳವೆ, ಪೆಟ್ಟಿಗೆಯ ಮೇಲೊಂದು ಮುಳ್ಳು, ಮುಳ್ಳಿನ ದಾರಿಯಲ್ಲಿ ಒಂದು ಕೆಂಪು ಗೆರೆ. ಊದಿದಾಗ ಮುಳ್ಳು ಗೆರೆ ದಾಟಬೇಕು. ದಾಟದವನಿಗೆ ಡಾಕ್ಟರರು "ರೆಸ್ಟ್ ತಗೊ" ಎನ್ನುತ್ತಾರೆ. ಹಾಗೆಂದರೆ ಕೊರಳಿನ, ನಂಬರು ಕೊರೆದ ತಗಡಿನ ಬಿಲ್ಲೆಯನ್ನು ಗೇಟಿನಲ್ಲಿ ಬಿಚ್ಚಿಕೊಟ್ಟು, ತಿಂಗಳೊಳಗೆ ಗಿರಣಿಯ ಮನೆ ಖಾಲಿ ಮಾಡಬೇಕೆಂದು ಅರ್ಥ.

ಅಂದು ಬೈಸಿಕೊಂಡವನಿಗೆ ಒಬ್ಬಳು ಅಕ್ಕ ಇದ್ದಳು. ಗಿರಣಿಯ ಹಿಂಭಾಗದ ತೊಟ್ಟಿಯಲ್ಲಿ ನಿಂತು ಹಳೆಯ ಚೀಲ ತೊಳೆಯುವ ಕೆಲಸ ಅವಳದು. ಇಡೀ ದಿನ ನೀರಿನಲ್ಲಿದ್ದು ಕಾಲ್ಬೆರಳ ಸಂದು ಕೊಳೆತಿದ್ದವು; ಆದರೆ ಧೂಳು ಅಲ್ಲಿಗೆ ಬರುತ್ತಿರಲಿಲ್ಲವಾದ್ದರಿಂದ ಎದೆ ಗಟ್ಟಿಯಾಗಿತ್ತು. "ನೀರು ಕುಡ್ಕೊಂಡು ಬಾ ಹೋಗು, ಇನ್ನೊಂದು ಸಲ ನೋಡ್ತೀನಿ" ಎಂದು ಡಾಕ್ಟರರು ಅವನನ್ನು ಅಟ್ಟಿದ ಆ ಹತ್ತು ನಿಮಿಷದಲ್ಲಿ ಅವಳು ತಮ್ಮನ ಬಿಲ್ಲೆಯನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಗಿರಣಿ ಎಲ್ಲರಿಗೂ ಕೊಡುತ್ತಿದ್ದುದು ಒಂದೇ ಬೂದು ನಿಲುವಂಗಿ. ತಲೆಗೂ ಮುಖಕ್ಕೂ ಬಟ್ಟೆ ಸುತ್ತಿ, ಮೇಲೆ ಬಿಳಿ ಪುಡಿ ಕೂತಮೇಲೆ ಗಂಡಾರು ಹೆಣ್ಣಾರು ಎಂದು ಹೆತ್ತವರಿಗೂ ತಿಳಿಯುವಂತಿರಲಿಲ್ಲ. ಅವಳು ಹೋಗಿ, ಬಟ್ಟೆಯನ್ನು ತುಟಿಯಷ್ಟು ಸರಿಸಿ, ಊದಿದಳು. ಮುಳ್ಳು ಗೆರೆ ದಾಟಿ ಕೊನೆಯ ಗೂಟಕ್ಕೆ ಬಡಿಯಿತು.

"ನೋಡಿದ್ಯಾ? ಮೈಗಳ್ಳ ನನ್ಮಗ. ನೀರು ಕುಡಿದಿದ್ದೇ ಕುದುರೆ ಆಗ್ಬಿಟ್ಟ" ಎಂದರು ಡಾಕ್ಟರರು. ಅವರು ಬಿಲ್ಲೆಯ ನಂಬರನ್ನಷ್ಟೇ ನೋಡುತ್ತಿದ್ದರು.

ಅಂದಿನಿಂದ, ಕುಲುಮೆಯ ತಿದಿಯಂತೆ ಊದುವ ಅವಳಿಗೆ ತಿದಿಯಕ್ಕ ಎಂಬ ಹೆಸರು ಬಂತು. ಮರುವರ್ಷ ಆರು ಬಿಲ್ಲೆಗೆ ಊದಿದಳು. ಅದರ ಮರುವರ್ಷ ಒಂಬತ್ತು. ಎಂಟನೆಯ ವರ್ಷಕ್ಕೆ ಇಪ್ಪತ್ತೆರಡು. ಸರದಿಯಲ್ಲಿ ಯಾರ ಹಿಂದೆ ಯಾರು ನಿಲ್ಲಬೇಕು, ವ್ಯಾನಿನ ಹಿಂದೆ ಬಿಲ್ಲೆ ಹೇಗೆ ಕೈ ಬದಲಾಗಬೇಕು ಎಂಬುದೆಲ್ಲ ಒಂದು ಕಟ್ಟಳೆಯಾಗಿ ಬೆಳೆದುಬಿಟ್ಟಿತು. ಮೊದಮೊದಲು ಅವಳು ಎಲ್ಲರಿಗೂ ಒಂದೇ ಸಮನೆ ಊದಿ, ಕೂದಲು ನರೆತವನ ಮುಳ್ಳೂ ಗೂಟಕ್ಕೆ ಬಡಿದು, "ಈ ಮುದುಕ ಕುಸ್ತಿ ಆಡ್ತಾನೇನಯ್ಯ?" ಎಂದು ಡಾಕ್ಟರರು ಕೇಳಿದ್ದುಂಟು. ಆಮೇಲೆ ವಯಸ್ಸಿಗೆ ತಕ್ಕಂತೆ ಊದುವುದನ್ನು ಕಲಿತಳು.

"ನಂಗೆ ಸ್ವಲ್ಪ ಕಮ್ಮಿ ಊದಕ್ಕಾ" ಎನ್ನುತ್ತಿದ್ದ ಕುಳ್ಳ. "ಜಾಸ್ತಿ ಆಯ್ತು ಅಂದ್ರೆ ನನ್ ಹೆಂಡ್ತಿ ನೀರು ಹೊರೋಕೆ ಹಚ್ತಾಳೆ."

"ನಿಂಗೆ ಮೂಗಲ್ಲಿ ಊದಿದ್ರೂ ಸಾಕು ಹೋಗೋ. ಇರೋದೇ ಮೂರಡಿ."

ತನ್ನ ಪಾಲಿನ ಉಸಿರನ್ನೂ ಅವಳೇ ಊದಿದ್ದಳೆಂದು ಹೇಳುವಾಗ ಅಜ್ಜಿ ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟಳು.

ಒಂಬತ್ತನೆಯ ವರ್ಷ ತಮ್ಮ ಜರಡಿಯ ಬಳಿಯೇ ಬಿದ್ದ. ಅದಕ್ಕೂ ಮುಂಚೆ ನಲ್ಲಿಯಿಂದ ಮನೆಯ ಬಾಗಿಲಿಗೆ ಬರಲು ಎರಡು ಕಡೆ ಕೂರುತ್ತಿದ್ದ. ಮಾತು ಎರಡೆರಡೇ ಪದಕ್ಕೆ ತುಂಡಾಗುತ್ತಿತ್ತು. ಚಳಿಗಾಲದ ಮುಂಜಾನೆ ಗಾಳಿಯಾಡದೆ ಭಟ್ಟಿಯ ಹೊಗೆ ಸಾಲಿನ ಮೇಲೆ ಕವುಚಿ ಮಲಗಿತೆಂದರೆ, ಅವನು ಗೋಡೆಗೆ ಎರಡೂ ಕೈ ಊರಿ, ಬಾಯಿ ತೆರೆದು, ಬಿಸಿಲೇರುವವರೆಗೆ ನಿಂತೇ ಇರುತ್ತಿದ್ದ. ತಿದಿಯಕ್ಕ ಬಾಗಿಲಿಗೂ ಕಿಟಕಿಗೂ ಒದ್ದೆ ಸೀರೆ ಕಟ್ಟುತ್ತಿದ್ದಳು. ಸಂಜೆ ಹಿಂಡಿದರೆ ಬಟ್ಟಲು ತುಂಬ ಬಿಳಿ ಕೆಸರು ಇಳಿಯುತ್ತಿತ್ತು. ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿದರೂ ಗಿರಣಿ ಅವನನ್ನು ಹುಡುಕಿಕೊಂಡು ಮನೆಗೇ ಬರುತ್ತಿತ್ತು.

ದೊಡ್ಡಾಸ್ಪತ್ರೆಯವರು ಎದೆಯ ಚಿತ್ರ ತೆಗೆದು, ಇದು ವಾಸಿಯಾಗುವುದಲ್ಲ, ಆಮ್ಲಜನಕದ ಯಂತ್ರವೊಂದು ಮನೆಯಲ್ಲಿದ್ದರೆ ಕೆಲವು ವರ್ಷ ಬದುಕಬಹುದು ಎಂದರು. ಯಂತ್ರ ಕೊಡುವುದು ಕಾರ್ಮಿಕರ ರೋಗಕ್ಕೆ ಪರಿಹಾರ ಕೊಡುವ ಕಾಯಿಲೆ ಆಫೀಸು. ಕಾಯಿಲೆ ಗಿರಣಿಯ ಧೂಳಿನಿಂದ ಬಂದದ್ದೆಂದು ಆಫೀಸು ಒಪ್ಪಬೇಕು. ತಿದಿಯಕ್ಕ ತಮ್ಮನನ್ನು ಕರೆದುಕೊಂಡು ಹೋದಳು. ಮೆಟ್ಟಿಲು ಹತ್ತಲಾರದೆ ಅವನು ಕೆಳಗೇ ಕುಳಿತ. ಅಧಿಕಾರಿ ಗಿರಣಿಯಿಂದ ಬಂದಿದ್ದ ಪುಸ್ತಕ ತೆರೆದರು.

"ಎಂಟು ವರ್ಷದ ಪರೀಕ್ಷೆ ಇಲ್ಲೇ ಇದೆಯಲ್ಲಮ್ಮ. ಒಂದಕ್ಕಿಂತ ಒಂದು ಫಸ್ಟ್ ಕ್ಲಾಸ್. ನನ್ನ ಕೈಲೂ ಹಿಂಗೆ ಊದೋಕಾಗಲ್ಲ. ಇದ್ದಕ್ಕಿದ್ದಂಗೆ ಎದೆ ಕಲ್ಲಾಯ್ತು ಅಂದ್ರೆ ಯಾರು ನಂಬ್ತಾರೆ? ಬೀಡಿ ಸೇದ್ತಾನಾ?"

"ಇಲ್ಲ ಸ್ವಾಮಿ. ಹೊಗೆ ಕಂಡ್ರೇ ಆಗಲ್ಲ ಅವನಿಗೆ."

"ಕದ್ದು ಸೇದ್ತಿರ್ತಾನೆ. ನಿಮ್ಮ ಜನ ಎಲ್ಲಿ ಹೇಳ್ತೀರಿ? ಹೊಗೆ ಧೂಳು ಇಲ್ಲದ ಕಡೆ ಇಟ್ಕೊಳಿ. ಬೆಳಿಗ್ಗೆ ಬೆಳಿಗ್ಗೆ ವಾಕಿಂಗ್ ಕರ್ಕೊಂಡು ಹೋಗಿ."

"ಅಂಥ ಕಡೆಗೆ ಬಸ್ಸು ಎಷ್ಟು ಗಂಟೆಗೆ ಸ್ವಾಮಿ?"

ಅಧಿಕಾರಿ ತಲೆಯೆತ್ತಿ ನೋಡಿದರು. ಆಗ ಅವಳು ಹೇಳಿಬಿಟ್ಟಳು: "ಆ ಪುಸ್ತಕದಲ್ಲಿರೋ ಉಸಿರು ಅವನದಲ್ಲ. ನಂದು. ನಾನು ಊದಿದ್ದು."

"ಓಹೋ." ಅವರು ಪೆನ್ನು ತೆಗೆದರು. "ಸುಳ್ಳು ಪರೀಕ್ಷೆ ಕೊಟ್ರೆ ಜೈಲು, ಗೊತ್ತಾ? ಇವನೊಬ್ಬನಿಗೇ ಊದಿದ್ಯಾ, ಇನ್ನೂ ಯಾರ್ಯಾರಿಗೆ ಊದಿದೀಯ? ಹೇಳು, ನಂಬರ್ ಬರೆಸು."

ತಿದಿಯಕ್ಕ ಮೇಜಿನ ಮೇಲಿದ್ದ ಎದೆಯ ಚಿತ್ರವನ್ನು ಸುರುಳಿ ಸುತ್ತಿಕೊಂಡು ಹೊರಬಂದಳು.

"ಏನಂದ್ರು?" ಎಂದ ತಮ್ಮ.

"ವಾಕಿಂಗ್ ಹೋಗ್ಬೇಕಂತೆ."

ಅವನಿಗೆ ನಗು ಬಂತು. ನಗು ಕೆಮ್ಮಾಯಿತು. ಆ ಕೆಮ್ಮು ಇಳಿದು ಅವನು ಏಳುವಷ್ಟರಲ್ಲಿ ಊರಿಗೆ ಹೊರಡುವ ಬಸ್ಸು ತಪ್ಪಿತ್ತು.

ಮರುದಿನ ಮ್ಯಾನೇಜರರ ಕರೆ ಬಂತು. ಅವರ ಕೋಣೆಗೆ ಗಾಜಿನ ಗೋಡೆ. ಕಿಟಕಿಗಳ ಸಂದಿಗೆಲ್ಲ ರಬ್ಬರ್ ಪಟ್ಟಿ. ಮೂಲೆಯಲ್ಲಿ ಗಾಳಿ ಸೋಸುವ ಯಂತ್ರ ಗುಂಯ್ಗುಡುತ್ತಿತ್ತು.

"ಅಲ್ಲೇ ನಿಲ್ಲು, ಮ್ಯಾಟ್ ಮೇಲೆ. ಒಳಗೆ ಧೂಳು ತರ್ಬೇಡ. ನೀನು ಎಲ್ರಿಗೂ ಊದ್ತೀಯಂತೆ? ಆಫೀಸಿಂದ ಫೋನ್ ಬಂದಿತ್ತು."

ಅವಳು ಒದ್ದೆ ಕಾಲನ್ನು ಮ್ಯಾಟಿನ ಒಳಕ್ಕೆ ಎಳೆದುಕೊಂಡಳು.

"ಹೆದರ್ಬೇಡ. ನಂಗೆ ಎರಡನೇ ವರ್ಷದಿಂದಲೇ ಗೊತ್ತು. ತೊಟ್ಟಿ ಕೆಲಸದವಳು ಪರೀಕ್ಷೆ ದಿನ ಪೂರ್ತಿ ತೊಟ್ಟೀಲಿ ಇಲ್ಲ ಅಂದ್ರೆ ನನ್ನ ಕಣ್ಣಿಗೆ ಬೀಳಲ್ವಾ?" ಮ್ಯಾನೇಜರರು ನಕ್ಕರು. "ಧೂಳು ಹಿಡಿಯೋ ಯಂತ್ರ ಹಾಕಿ, ಇಲ್ಲಾಂದ್ರೆ ಗಿರಣಿ ಮುಚ್ತೀವಿ ಅಂತ ಗಾಳಿ ಇಲಾಖೆಯವರು ಬಂದಾಗೆಲ್ಲ ನಾನು ತೋರ್ಸೋದು ಅದೇ ಪುಸ್ತಕ. ನೋಡಿ, ನಮ್ಮ ಜನ ಹೆಂಗೆ ಊದ್ತಾರೆ, ಧೂಳೆಲ್ಲಿದೆ ತೋರ್ಸಿ ಅಂತೀನಿ. ಬಾಯಿ ಮುಚ್ಕೊಂಡು ಹೋಗ್ತಾರೆ. ನಿನ್ನ ಉಸಿರು ಇರೋವರೆಗೂ ಈ ಗಿರಣಿಗೆ ಭಯ ಇಲ್ಲ ಕಣಮ್ಮ. ಈ ವರ್ಷನೂ ಊದಿಬಿಡು. ನಿನ್ನ ತಮ್ಮನ್ನ ಮನೆ ಬಿಡಿಸಲ್ಲ. ಸಾಕಾ?"

ಒಂಬತ್ತು ವರ್ಷದಲ್ಲಿ ಆತ ಅವಳನ್ನು ಅಮ್ಮ ಎಂದದ್ದು ಅದೇ ಮೊದಲು. ಅಜ್ಜಿ ಇದನ್ನು ಎರಡು ಸಲ ಹೇಳಿದಳು.

ಆ ವಾರದ ಭಾನುವಾರ ನಲ್ಲಿಕಟ್ಟೆಯ ಬಳಿ ಎಲ್ಲರೂ ಸೇರಿದ್ದರು. ಆಫೀಸಿನಲ್ಲಿ ಅವಳು ಬಾಯಿ ಬಿಟ್ಟ ಸುದ್ದಿ ಆಗಲೇ ಸಾಲಿಗೆ ಮುಟ್ಟಿತ್ತು.

"ನಿನ್ ತಮ್ಮನೊಬ್ಬನ ಉಸಿರಿಗೆ ಇಪ್ಪತ್ತೆರಡು ಮನೆ ಒಲೆ ಆರಿಸ್ತೀಯೇನೇ, ಹಾಳಾದವಳೇ?" ಎಂದು ಕುಳ್ಳ ಕೂಗಾಡಿದ. "ಬಿಲ್ಲೆ ಕಿತ್ಕೊಂಡ ಮೇಲೆ ಹೊಟ್ಟೆಗೇನು ಗಾಳಿ ತಿನ್ನೋಣ್ವಾ? ಆ ಗಾಳೀನೂ ನೆಟ್ಟಗಿಲ್ಲ, ಅದರ ಮನೆ ಹಾಳಾಗ!"

"ಬೈಯಿ, ಮುಗಿಸ್ಬಿಡು" ಎಂದಳು ತಿದಿಯಕ್ಕ. ಅವನು ಕೆಮ್ಮುತ್ತ ಕೂತಮೇಲೆ ಮ್ಯಾನೇಜರರ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಮ್ಯಾಟಿನ ಮೇಲೆ ನಿಲ್ಲಿಸಿದ್ದನ್ನೂ ಹೇಳಿದಳು.

"ಡಾಕ್ಟರ ಬೈಗುಳಕ್ಕೆ ನಾಚಿಕೆ ಆಗಿರಲಿಲ್ಲ ಕಣಪ್ಪ ನಮಗೆ" ಎಂದಳು ಅಜ್ಜಿ, ಕಥೆಯ ಈ ಹಂತದಲ್ಲಿ ನನ್ನ ಕಡೆ ತಿರುಗಿ. "ಅವತ್ತಾಯ್ತು. ಅವರಿಗೆ ಟೋಪಿ ಹಾಕ್ತಿದೀವಿ ಅಂತ ವರ್ಷಾ ವರ್ಷಾ ಮುಸಿಮುಸಿ ನಗ್ತಿದ್ವಲ್ಲ. ಅವರ ಕೆಲಸಾನೇ ಮಾಡಿಕೊಟ್ಟಿದ್ವಿ."

ಯಾರೂ ಆಣೆ ಹಾಕಲಿಲ್ಲ, ಯಾರೂ ಕೈಯೆತ್ತಲಿಲ್ಲ. ಕುಳ್ಳ ಮಾತ್ರ ಎದ್ದು, ನೆಲಕ್ಕೆ ಉಗಿದು, "ನಂದು ನಾನೇ ಊದ್ತೀನಿ" ಎಂದು ಹೋದ.

ಪರೀಕ್ಷೆಯ ದಿನ ಸಾಲಿನವರು ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಬಟ್ಟೆ ಸುತ್ತದೆ, ಅವರವರ ಬಿಲ್ಲೆಯನ್ನು ಅವರವರೇ ಹಾಕಿಕೊಂಡು ವ್ಯಾನಿನ ಮುಂದೆ ನಿಂತರು. ಡಾಕ್ಟರರು ಕನ್ನಡಕ ಸರಿಪಡಿಸಿಕೊಂಡರು.

"ಯಾರೋ ನೀವೆಲ್ಲ? ಹೊಸಬ್ರಾ?"

ಕುಳ್ಳ ಊದಿದ. ಮುಳ್ಳು ನಡುಗಿ ಬಿದ್ದುಕೊಂಡಿತು. ಅವನ ಹಿಂದಿನವನು ಊದಿದ. ಅವನ ಹಿಂದಿನವಳು ಊದಿದಳು. ಐದನೆಯವನಾದ ಮೇಲೆ ಡಾಕ್ಟರರು ಪೆಟ್ಟಿಗೆಯನ್ನು ಅಲ್ಲಾಡಿಸಿ, "ಮಿಷಿನ್ ಕೆಟ್ಟಿದೆ" ಎಂದು ತಾವೇ ಊದಿನೋಡಿದರು. ಮುಳ್ಳು ಸಲೀಸಾಗಿ ಗೆರೆ ದಾಟಿತು. ಅದನ್ನು ಎಲ್ಲರೂ ನೋಡಿದರು. ಸರದಿ ಮುಂದುವರಿಯಿತು. "ನಂದು ಹದಿನಾಲ್ಕನೇದು" ಎಂದಳು ಅಜ್ಜಿ. "ಸೊಳ್ಳೆ ಕೂತು ಎದ್ದಂಗೆ ಅಲ್ಲಾಡ್ತು ನೋಡು, ಅಷ್ಟೇ."

ಅಷ್ಟರಲ್ಲಿ ಮ್ಯಾನೇಜರರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಓಡಿಬಂದರು. "ನಿಲ್ಸಿ ಡಾಕ್ಟ್ರೇ! ಏನೂ ಬರೀಬೇಡಿ. ಏ ತಿದಿ, ಮುಖ ಏನ್ ನೋಡ್ತೀಯ? ಹೋಗಿ ಊದೇ!"

"ನನ್ನ ಬಿಲ್ಲೆ ಬಂದಾಗ ಊದ್ತೀನಿ ಸ್ವಾಮಿ."

ಡಾಕ್ಟರರ ಪೆನ್ನು ಜೇಬಿನಲ್ಲೇ ಇತ್ತು. ಅದುವರೆಗಿನ ಒಂದು ಸಾಲನ್ನೂ ಅವರು ಬರೆದಿರಲಿಲ್ಲ. ಇಪ್ಪತ್ತೆರಡನೆಯವನಾಗಿ ತಮ್ಮನನ್ನು ಕುರ್ಚಿಯ ಸಮೇತ ಹೊತ್ತು ತಂದರು. ಅವನು ಕೊಳವೆಗೆ ಬಾಯಿಟ್ಟ. ಭುಜ ಮೇಲೆದ್ದವು, ಕತ್ತಿನ ನರ ಬಿಗಿದವು. ಮುಳ್ಳು ಕದಲಲಿಲ್ಲ.

"ಆಯ್ತು. ಬಿಡು" ಎಂದರು ಡಾಕ್ಟರರು.

ಅವನು ಬಿಡಲಿಲ್ಲ. ಕೊಳವೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡ.

"ಬಿಡೋ, ಲೇ!"

ಮ್ಯಾನೇಜರರು ವ್ಯಾನು ಹೊರಡಿಸಲು ಹೇಳಿದರು. ಎಂಜಿನ್ ಸದ್ದಾಯಿತು, ಹೊಗೆ ಕುರ್ಚಿಯ ಸುತ್ತ ತುಂಬಿತು. ಕುಳ್ಳನೂ ಇನ್ನು ನಾಲ್ವರೂ ಚಕ್ರಗಳ ಮುಂದೆ ಕುಳಿತರು. "ಎಳೀರೋ ಅವನ ಬಾಯಿಂದ!" ಎಂದು ಮ್ಯಾನೇಜರರು ಅರಚಿದರು. ಡ್ರೈವರು ಇಳಿದು ಬಂದು ಕೊಳವೆಗೆ ಕೈ ಹಾಕಿದವನು, ಕುರ್ಚಿಯಲ್ಲಿದ್ದವನ ಕಣ್ಣು ನೋಡಿ ಕೈ ತೆಗೆದುಬಿಟ್ಟ. ಹೋಗಿ ಎಂಜಿನ್ ಆರಿಸಿದ. ತಮ್ಮನ ತುಟಿ ನೀಲಿಯಾಗುತ್ತಿತ್ತು. ತಿದಿಯಕ್ಕ ತಮ್ಮನ ಬೆನ್ನಿಗೆ ಅಂಗೈ ಒತ್ತಿ ಹಿಡಿದಿದ್ದಳು. ಬಿಡು ಎಂದು ಅವಳು ಒಮ್ಮೆಯೂ ಹೇಳಲಿಲ್ಲ.

"ಬರೀರಿ" ಎಂಬ ಮಾತು ಗುಂಪಿನಿಂದ ಬಂತು. ಅದನ್ನು ಆಡಿದ್ದು ತಾನೆಂದು ಕುಳ್ಳ ಹೇಳುತ್ತಾನೆ. ತಾನೆಂದು ಅಜ್ಜಿ ಹೇಳುತ್ತಾಳೆ.

ಡಾಕ್ಟರರು ಬರೆದರು. ಒಂದೊಂದು ಬಿಲ್ಲೆಯ ನಂಬರಿನ ಮುಂದೂ ಗೆರೆ ದಾಟಿಲ್ಲವೆಂದು ಬರೆದರು. ಇಪ್ಪತ್ತೆರಡು ಸಾಲು. ಬರೆದದ್ದನ್ನು ತಿದಿಯಕ್ಕ ಅಕ್ಷರ ಬಲ್ಲವರಿಂದ ಓದಿಸಿದಳು. ಆಮೇಲೆ ತಮ್ಮ ಬಾಯಿ ತೆರೆದ. ಕೊಳವೆಯ ಮೇಲೆ ಹಲ್ಲಿನ ಗುರುತು ಮೂಡಿದ್ದವು. ಅನಂತರ ತಿದಿಯಕ್ಕ ತನ್ನ ಸ್ವಂತ ಬಿಲ್ಲೆಯನ್ನು ಮುಂದೆ ಹಿಡಿದು, ಅದೇ ಕೊಳವೆಯನ್ನು ಒರೆಸದೆ ಬಾಯಿಗಿಟ್ಟು ಊದಿದಳು. ಮುಳ್ಳು ಗೂಟಕ್ಕೆ ಬಡಿದ ಸದ್ದು ಗೇಟಿನವರೆಗೂ ಕೇಳಿಸಿತಂತೆ.

ಅಜ್ಜಿ ಇಷ್ಟು ಹೇಳಿ ನಿಲ್ಲಿಸಿದಳು. ಕೇಳುತ್ತಿದ್ದವರಲ್ಲಿ ಸಾಲಿಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಕೇಳಿದಳು: "ಮಿಷಿನ್ ಬಂತಾ ಅಜ್ಜಿ?"

"ಬಂತು. ನಾಲ್ಕು ತಿಂಗಳಾದ್ಮೇಲೆ. ಅವನು ಹೋಗಿ ಆಗಲೇ ಮೂರು ತಿಂಗಳಾಗಿತ್ತು."

"ಮತ್ತೆ ನಿಮ್ಮನ್ನೆಲ್ಲ ಯಾಕೆ ಹೊರಗೆ ಹಾಕಲಿಲ್ಲ?"

"ಇಪ್ಪತ್ತೆರಡು ಜನಾನ ಒಂದೇ ದಿನ ಹೊರಗೆ ಹಾಕಿದ್ರೆ ಜರಡಿ ಅವರಪ್ಪ ಹಿಡೀತಾನಾ? ಮಾರನೇ ವರ್ಷ ವ್ಯಾನ್ ಬಂತು ನೋಡು, ಕೆಂಪು ಗೆರೆ ಎರಡು ಬೆರಳು ಕೆಳಗಿಳಿದಿತ್ತು. ಈಗ ಎಲ್ರೂ ಪಾಸು." ಅಜ್ಜಿ ಉಸಿರೆಳೆದುಕೊಂಡಳು. "ಆಳು ಸತ್ತ ಮೇಲೆ ಮಿಷಿನ್ ವಾಪಸ್ ಕೊಡಿ ಅಂತ ಆಫೀಸಿನವರು ಎರಡು ಸಲ ಬಂದ್ರು. ಯಾವ ಮನೇಲಿದೆ ಅಂತ ಯಾರೂ ಹೇಳಲಿಲ್ಲ. ಹುಡುಕಿದ್ರು. ಸಿಗ್ಲಿಲ್ಲ."

ಅಷ್ಟರಲ್ಲಿ ಸಾಲಿನ ಕೊನೆಯ ಮನೆಯ ಬಾಗಿಲಲ್ಲಿ ತಿದಿಯಕ್ಕ ಕಾಣಿಸಿಕೊಂಡಳು. ಕೈಯಲ್ಲಿ ಆ ಯಂತ್ರದಿಂದ ಮೂಗಿಗೆ ಸಿಕ್ಕಿಸುವ ಸಣ್ಣ ಪಾರದರ್ಶಕ ನಳಿಕೆಯ ಸುರುಳಿ.

"ಅಜ್ಜೀ, ಕುಳ್ಳನ ಪಾಳಿ ಮುಗೀತು. ಐದರಿಂದ ಏಳು ನಿಮ್ದು. ಬರ್ತೀರಾ, ಇಲ್ಲಾ ಮಾತಾಡ್ಕೊಂಡೇ ಸಾಯ್ತೀರಾ?"

"ಬಂದೆ ಇರೇ. ಎರಡು ಗಂಟೆ ಹೊತ್ತು ಎಲ್ಲಿಗೂ ಓಡಿಹೋಗಲ್ಲ ಅದು."

ಅಜ್ಜಿ ಕಟ್ಟೆ ಹಿಡಿದು ಎದ್ದಳು. ಆ ಕೊನೆಯ ಮನೆಗೆ ಹನ್ನೊಂದು ಬಾಗಿಲು ದಾಟಬೇಕು. ಆಕೆ ಮೂರು ಕಡೆ ನಿಂತಳು. ಯಾರೂ ಅವಸರಪಡಿಸಲಿಲ್ಲ. ಕೇಳುತ್ತಿದ್ದವರೂ ಒಬ್ಬೊಬ್ಬರಾಗಿ ಎದ್ದು, ಕೊಡ ತುಂಬಿಕೊಂಡು, ಗೋಡೆ ಹಿಡಿದು ನಿಂತು ನಿಂತು, ತಮ್ಮ ತಮ್ಮ ಮನೆಗಳಿಗೆ ಹೋದರು.