ಒಬ್ಬನ ಗುಳೆ

ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಪೈಕಿ ಈ ಚನ್ನವ್ವ. ಕನ್ನೊಳ್ಳಿಯ ಗುಡಿಕಟ್ಟೆಯ ಮೇಲೆ ವಿಜಯಪುರದ ಹುಡುಗಿಯೊಬ್ಬಳು ಕುಳಿತು ಗುಳೆಯ ಬಗ್ಗೆ ಕೇಳುತ್ತಿದ್ದಾಳೆ ಎಂಬ ಅರ್ಧ ಮಾತು ಕಿವಿಗೆ ಬಿದ್ದದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಗೆ ಓಡಿದಳು.

"ಚಂದವ್ವಾ, ಏಳ ಏಳ! ಗುಳೆ ಹೋದವ್ರನ್ನ ಬರಕೊಳ್ಳಾಕ ಬಾಯಾರು ಬಂದಾರ. ನಿನ್ನ ಗಂಡನ ಫೋಟೋ ತಗೋ!"

ಚಂದವ್ವ ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಅಲ್ಲೇ ಉಳಿಯಿತು. ಯಾರಾದರೂ ಒಬ್ಬರು ಬಂದು ಕೇಳಲಿ ಎಂದು ಮೂರು ವರ್ಷದಿಂದ ಕಾದವಳು ಆಕೆ. ಟ್ರಂಕಿನಿಂದ ಮದುವೆಯ ಫೋಟೋ, ರೇಷನ್ ಕಾರ್ಡು ತೆಗೆದು ಹಿಟ್ಟಿನ ಕೈಯಲ್ಲೇ ಹಿಡಿದುಕೊಂಡು ಹೊರಟಳು.

ನಡೆದದ್ದು ಇಷ್ಟು. ಪ್ರತಿ ವರ್ಷ ದೀಪಾವಳಿಯಾದ ಮೇಲೆ ಆಕೆಯೂ ಗಂಡ ಸೋಮನಿಂಗನೂ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಿದ್ದರು. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಜೋಡಿಯಿಲ್ಲದವರಿಗೆ ಜಾಗವಿಲ್ಲ. ಗಂಡ ಕಡಿಯಬೇಕು, ಹೆಂಡತಿ ಹೊರೆ ಕಟ್ಟಿ ಹೊರಬೇಕು. ಮೂರು ವರ್ಷದ ಹಿಂದೆ ಆ ಹೊತ್ತಿಗೆ ಚಂದವ್ವನ ಕಾಲು ಮುರಿದಿತ್ತು. ಗ್ಯಾಂಗು ಸೋಮನಿಂಗನನ್ನು ಬಿಟ್ಟು ಹೋಯಿತು. ಎಂಟು ದಿನ ಮನೆಯಲ್ಲಿ ಚಡಪಡಿಸಿ, ಬೇರೆ ಕೆಲಸ ಹುಡುಕಿಕೊಂಡು ಅವನು ಒಬ್ಬನೇ ಹೊರಟ.

ಹೊರಟವರನ್ನು 'ಎಲ್ಲಿಗೆ' ಎಂದು ಕೇಳಬಾರದು, ಅಪಶಕುನ. ಈ ಸೀಮೆಯಲ್ಲಿ ಕೂಸಿಗೂ ಗೊತ್ತು. ಚಂದವ್ವ "ದೂರ ಏನ್ರಿ?" ಎಂದಳು. "ಹ್ಞೂಂ, ದೂರ" ಎಂದ. ದೇವರ ಹಿಪ್ಪರಗಿಯ ಬಸ್ಸು ಹತ್ತಿದ್ದನ್ನು ಕಂಡವರಿದ್ದಾರೆ, ಮುಂದಿನದು ಶಿವನೇ ಬಲ್ಲ. ಮರುದಿನ ಫೋನು ಬಂತು. "ಉಂಡ್ರೇನು?" ಎಂದಳು. ಉಂಡೆನೆಂದ, ಅಷ್ಟರಲ್ಲಿ ಕಟ್ಟಾಯಿತು. ಆಮೇಲೆ ಆ ನಂಬರು ಹತ್ತಲೇ ಇಲ್ಲ. ಠಾಣೆಯಲ್ಲಿ ಮೊದಲು ಕೇಳಿದ್ದು ಯಾವ ಊರಿಗೆ ಹೋಗಿದ್ದ ಎಂದು. ಆಕೆ ಏನು ಹೇಳಬೇಕು? ಹಾಳಾದ ಶಕುನ! ಒಂದು ಮಾತು ಕೇಳಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು?

ಕಟ್ಟೆಯ ಮೇಲಿದ್ದವಳು ಸಂಪದಾ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ ಆಡುವ, ಓದಿದ ಹುಡುಗಿ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳನ್ನೆಲ್ಲ ತಿರುಗಿ ಜನರ ಮಾತು ಕೂಡಿಸಿ ನಿಘಂಟು ಮಾಡುತ್ತಿದ್ದಳು. ಚನ್ನವ್ವ ಹೆಸರು ಹೇಳಿ ಗುರುತು ಮಾಡಿಕೊಟ್ಟು, ಚಂದವ್ವ ಫೋಟೋ ಮುಂದಿಟ್ಟಾಗ ಸಂಪದಾ ಗಾಬರಿಯಾದಳು.

"ಚಂದವ್ವಾರ, ನಾ ಸರಕಾರದಾಕಿ ಅಲ್ರಿ. ಪುಸ್ತಕಕ್ಕ 'ಗುಳೆ' ಅನ್ನೂ ಶಬ್ದದ ಅರ್ಥ ಕೇಳಾಕ ಬಂದೇನಿ."

"ಶಬ್ದಾ?"

ಚನ್ನವ್ವ ನಾಲಿಗೆ ಕಚ್ಚಿಕೊಂಡಳು. ಚಂದವ್ವ ಫೋಟೋ ಹಿಂದಕ್ಕೆ ತೆಗೆದುಕೊಂಡು ಕಟ್ಟೆಯ ಅಂಚಿಗೆ ಕುಳಿತಳು. ಇಲ್ಲಿ ಮನುಷ್ಯ ಕಳೆದುಹೋಗಿದ್ದಾನೆ, ಈಕೆ ಶಬ್ದ ಹುಡುಕಿಕೊಂಡು ಬಂದಿದ್ದಾಳೆ! ಆದರೂ ಎದ್ದು ಹೋಗಲು ಮನಸ್ಸಾಗಲಿಲ್ಲ. ಪುಸ್ತಕ ಊರೂರಿಗೆ ಹೋಗುತ್ತದೆ. ಓದಿದವರಲ್ಲಿ ಯಾರೋ ಒಬ್ಬರು ಅವನನ್ನು ಕಂಡಿರಬಹುದು.

"ಹಂಗಾದ್ರ ಅದರಾಗ ಅವರ ಹೆಸರು ಹಾಕ್ರಿ" ಎಂದಳು.

ಶಬ್ದದ ಬಳಕೆ ತೋರಿಸಲು ಹೇಗೂ ಒಂದು ವಾಕ್ಯ ಬೇಕಿತ್ತು, ಸಂಪದಾ ಒಪ್ಪಿದಳು. ಗಂಡನ ಹೆಸರು ಬಾಯಲ್ಲಿ ತರದ ಚಂದವ್ವ ಚನ್ನವ್ವನತ್ತ ನೋಡಿದಳು, ಚನ್ನವ್ವ ಹೇಳಿದಳು. "ಕನ್ನೊಳ್ಳಿಯ ಸೋಮನಿಂಗ ಗುಳೆ ಹೋಗ್ಯಾನ" ಎಂದು ಸಂಪದಾ ಬರೆದು ಓದಿದಳು. ಚಂದವ್ವನ ಮುಖ ಎಷ್ಟೋ ದಿನಕ್ಕೆ ಅರಳಿತು.

"ಹಳೇ ಕನ್ನಡದಾಗ ಗುಳೆಯ ಅಂದ್ರ ಡೇರೆ, ಗಂಟುಮೂಟಿ ಅಂತ ಕೆಲವ್ರು ಹೇಳ್ತಾರ್ರಿ. ಎಲ್ಲಾ ಹೇರಿಕೊಂಡು ಊರು ಬಿಡೂದು. ನಿಮ್ಮಲ್ಲೂ ಹಂಗ ಏನ್ರಿ?"

"ಹೌದ್ರಿ. ಒಲಿ ಒಂದ ಬಿಟ್ಟು ಎಲ್ಲಾ ಹೇರತೇವಿ. ಹಂಚು, ಕೊಡ, ಹಾಸಿಗಿ, ಕೋಳಿ. ಟ್ರ್ಯಾಕ್ಟರ್ ತುಂಬತೈತಿ."

"ಮತ್ತ ಒಬ್ಬರ ಹೋದ್ರ?"

ಚಂದವ್ವನಿಗೆ ಗಂಡ ಹೊರಟದ್ದು ಕಣ್ಣಿಗೆ ಬಂತು. ಅವನು ಒಯ್ದದ್ದು ಒಂದು ಕೈಚೀಲ. "ಒಬ್ಬರ ಹೋದ್ರೂ ಗುಳೇನ ರೀ. ಯುಗಾದಿಗೆ ಬರತಾರ, ತಪ್ಪಿದ್ರ ಮುಂಗಾರಿ ಬಿತ್ತಾಕ ಬರತಾರ. ತಿರುಗಿ ಬಂದ್ರನ ಅದು ಗುಳೆ."

ಇಂಥ ಅರ್ಥ ಸಂಪದಾ ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಬರೆಯುವ ಹುಮ್ಮಸ್ಸಿನಲ್ಲಿ, ತಲೆ ಎತ್ತದೆ ಕೇಳಿಬಿಟ್ಟಳು: "ಬರಲಿಲ್ಲಾಂದ್ರ ಏನಂತೀರಿ?"

"ಬಾಯಾರ!" ಎಂದು ಚನ್ನವ್ವ ಕಣ್ಣು ಬಿಟ್ಟಳು.

ಅದಕ್ಕೂ ಊರಿನಲ್ಲಿ ಒಂದು ಮಾತಿತ್ತು. ಆ ಮಾತನ್ನು ಸೋಮನಿಂಗನಿಗೆ ಅಂಟಿಸಿದವರನ್ನು ಚಂದವ್ವ ಹರಕೊಂಡು ತಿನ್ನುತ್ತಿದ್ದಳು. ಹೆತ್ತ ತಾಯಿಯೇ ಆ ಮಾತು ಅಂದಾಗ ತಾಯಿಯ ಮನೆಗೇ ಹೋಗುವುದನ್ನು ಬಿಟ್ಟಿದ್ದಳು. ಆದರೆ ಈಗ ಗುಳೆಯೆಂದರೆ ಇದು ಎಂದು ತಾನೇ ಹೇಳಿ ಕೂತಿದ್ದಾಳೆ. ಮೂರು ಯುಗಾದಿ ಬಂದು ಹೋದವು, ಮೂರು ಮುಂಗಾರೂ ಬಂದು ಹೋದವು. ಇನ್ನು ಯಾವ ಬಾಯಿಂದ ಸುಳ್ಳು ಬರೆಸುವುದು?

"ದೇಶಾಂತರ" ಎಂದಳು. "ದೇಶಾಂತರ ಹೋದ್ರು ಅಂತೇವ್ರಿ."

ಸಂಪದಾಳ ಪೆನ್ನು ನಿಂತಿತು. ತಾನು ಕೇಳಿದ್ದೇನು ಎಂದು ಅವಳಿಗೆ ಆಗ ತಿಳಿಯಿತು. "ತಪ್ಪಾತ್ರಿ ಚಂದವ್ವಾರ. ಅದು ಬ್ಯಾಡ. ಮೊದಲಿನ ವಾಕ್ಯ ಹಂಗ ಇರಲಿ."

"ಬ್ಯಾಡ್ರಿ. ಗುಳೆ ಮುಂದ ಅವರ ಹೆಸರು ಹೊಡದ ಹಾಕ್ರಿ. ದೇಶಾಂತರದ ಮುಂದ ಬರೀರಿ."

ಚಂದವ್ವನಿಗೆ ಅಕ್ಷರ ಬಾರದು. ಆದರೂ ಒಂದು ಕಡೆ ಗೀಟು ಎಳೆದು ಇನ್ನೊಂದು ಕಡೆ ಬರೆಯುವ ತನಕ ಕಣ್ಣು ಕದಲಿಸದೆ ನೋಡಿದಳು. ಆಮೇಲೆ ಚನ್ನವ್ವನ ಮೈಮೇಲೆ ಕುಸಿದು, ಹೆಣ ಬಿದ್ದ ಮನೆಯವಳಂತೆ, ಹಾಡಿಕೊಂಡು ಅಳತೊಡಗಿದಳು.